ಅಂಗಳದಲ್ಲೊಂದು ಕೋಣೆ: ಬೀದರ್‌ನಿಂದ ಔರಾದ್‌ವರೆಗೆ

ಮನೆಗೆ ಇನ್ನೊಂದು ಕೋಣೆ ಬೇಕು ಎಂಬ ಮಾತು ಯಾವ ಮನೆಯಲ್ಲಿ ಕೇಳಿಬರುವುದಿಲ್ಲ ಹೇಳಿ? ಮಗಳು ಎಸ್ಸೆಸ್ಸೆಲ್ಸಿಗೆ ಬಂದಿದ್ದಾಳೆ, ಓದಲು ಒಂದು ಮೂಲೆ ಬೇಕು. ಹೊಲಿಗೆ ಯಂತ್ರ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿದೆ. ವಯಸ್ಸಾದ ಅತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಓಣಿಯ ಮಕ್ಕಳು ಕುರ್‌ಆನ್ ಓದಲು ಬಂದರೆ ಮನೆಯವರು ಎದ್ದು ಜಾಗ ಬಿಡಬೇಕು. ಮನೆಯ ಮುಂದೆಯೋ ಹಿಂದೆಯೋ ಒಂದಿಷ್ಟು ಖಾಲಿ ನೆಲವಿದೆ. ಅಲ್ಲಿ ಒಂದು ಮಲ್ಲಿಗೆ ಬಳ್ಳಿ, ಒಂದು ಕರಿಬೇವಿನ ಗಿಡ, ಒಡೆದ ಬಕೆಟು, ಹಳೆಯ ಟೈರು. "ಅಲ್ಲೇ ಒಂದು ಕೋಣೆ ಹಾಕಿಸಿದರೆ?" ಎಂದು ಒಬ್ಬರು ಕೇಳುತ್ತಾರೆ. "ದುಡ್ಡು?" ಎಂದು ಇನ್ನೊಬ್ಬರು. ಮಾತು ಅಲ್ಲಿಗೇ ಮುಗಿಯುತ್ತದೆ. ಇಲ್ಲವೇ ಲೆಕ್ಕವಿಲ್ಲದೆ ಕೆಲಸ ಶುರುವಾಗಿ, ಕಂಬದ ಎತ್ತರಕ್ಕೆ ಬಂದು ನಿಂತುಬಿಡುತ್ತದೆ. ಮನೆಯ ಉಳಿತಾಯವೆಲ್ಲ ಆ ಕಂಬಗಳಲ್ಲಿ ಸಿಕ್ಕಿಕೊಂಡಿರುತ್ತದೆ.

ಓದುಗ ಸಹೋದರಿಯರೇ, ಈ ತಿಂಗಳು ನಿಮ್ಮನ್ನು ನಮ್ಮ ಬೀದರ್ ಜಿಲ್ಲೆಗೆ ಕರೆದೊಯ್ಯುತ್ತೇನೆ. ಕೋಟೆ ಕೊತ್ತಲಗಳ ಕಥೆ ನೀವು ಬೇಕಾದಷ್ಟು ಓದಿರಬಹುದು. ಈ ಸಲ ನಾವು ನೋಡಲು ಹೊರಟಿರುವುದು ಒಂದು ಕೋಣೆಯನ್ನು. ಗಿಡಗಳ ನಡುವೆ, ಮನೆಗೆ ಅಂಟಿಕೊಂಡು ಅಥವಾ ನಾಲ್ಕು ಹೆಜ್ಜೆ ದೂರದಲ್ಲಿ, ಹತ್ತು ಕೆಲಸಕ್ಕೆ ಒದಗುವ ಒಂದು ಕೋಣೆ. ಬೀದರ್, ಭಾಲ್ಕಿ, ಔರಾದ್ ಈ ಮೂರೂ ಊರುಗಳು ಅದರ ಬಗ್ಗೆ ಮೂರು ಪಾಠ ಹೇಳುತ್ತವೆ. ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಜೊತೆಗಿರಲಿ.

ಕೋಟೆಯೊಳಗಿನ ಪಾಠ

ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಈ ಕಲ್ಲು ನೆಲದಿಂದ ತೆಗೆಯುವಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಇದೇ ಕಲ್ಲು ಕೊರೆದು ಮಾಡಿದ್ದಾರೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ಗುಲ್ಬರ್ಗದಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಅರಮನೆಗಳಷ್ಟೇ ಅಲ್ಲ, ತೋಟಗಳೂ ಬಂದವು. ಕೋಟೆಯೊಳಗೆ ಸೋಲಾ ಖಂಬಾ ಮಸೀದಿಯ ಎದುರಿಗಿರುವ ಲಾಲ್ ಬಾಗ್‌ನಲ್ಲಿ ನಿಂತು ನೋಡಿ. ಕಟ್ಟಡಗಳ ನಡುವೆ ತೋಟ, ನೀರಿನ ಕಾಲುವೆ, ಕೊಳ. ಒಳಗೆ ಮತ್ತು ಹೊರಗೆ ಎಂಬ ಭೇದವನ್ನು ಅವರು ಗೋಡೆಯಿಂದ ಮಾಡಲಿಲ್ಲ, ನೆರಳಿನಿಂದ ಮಾಡಿದರು.

ಲಾಲ್ ಬಾಗ್ ನೋಡಿಕೊಂಡು ರಂಗೀನ್ ಮಹಲಿಗೆ ಬನ್ನಿ. ಇಂದು ಕಾಣುವ ಅದರ ಅಲಂಕಾರದ ಬಹುಭಾಗ 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಶಾಹ್ ಕಾಲದ್ದು. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ, ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚುಗಳು. ಇಷ್ಟೆಲ್ಲ ಇದ್ದರೂ ಕೋಣೆಗಳು ದೊಡ್ಡವಲ್ಲ. ಸುಲ್ತಾನನ ಕೋಣೆಯೇ ಇಷ್ಟು ಚಿಕ್ಕದಿರುವಾಗ ನಮ್ಮ ಹಿತ್ತಲಿನ ಕೋಣೆ ಹದಿನೈದಕ್ಕೆ ಇಪ್ಪತ್ತು ಅಡಿ ಏಕಿರಬೇಕು? ಅಳತೆ ದೊಡ್ಡದಾದಷ್ಟು ಖರ್ಚು ಹೆಚ್ಚುತ್ತದೆ, ಉಪಯೋಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಕೋಟೆಯಿಂದ ಊರೊಳಗೆ ಬಂದರೆ ಮಹಮೂದ್ ಗವಾನ್ ಮದ್ರಸ. 1472ರಲ್ಲಿ ಕಟ್ಟಿದ್ದು. 1696ರಲ್ಲಿ ಸಿಡಿಮದ್ದಿನ ಸ್ಫೋಟದಿಂದ ಒಂದು ಭಾಗ ಕುಸಿದರೂ ಉಳಿದದ್ದು ಇಂದಿಗೂ ಗಂಭೀರವಾಗಿ ನಿಂತಿದೆ. ನಡುವೆ ಅಂಗಳ, ಸುತ್ತ ಮೂರು ಅಂತಸ್ತಿನಲ್ಲಿ ವಿದ್ಯಾರ್ಥಿಗಳ ಕೋಣೆಗಳು. ಗಾಳಿ ಬೆಳಕು ಎಲ್ಲ ಕೋಣೆಗೂ ಸಿಗುವಂತೆ ಜೋಡಣೆ. ಮದ್ರಸದಲ್ಲಿ ಓದಿದವರಿಗೆ ಅಂಥ ಕೋಣೆಯ ಒಳಗುಟ್ಟು ಗೊತ್ತಿರುತ್ತದೆ. ನಾನು ಓದಿದ ಮದ್ರಸದಲ್ಲಿ ಒಂದೇ ಹಾಲ್ ಬೆಳಿಗ್ಗೆ ತರಗತಿ, ಮಧ್ಯಾಹ್ನ ದಸ್ತರ್‌ಖಾನ್, ರಾತ್ರಿ ಹಾಸಿಗೆ. ಅದು ಸಾಧ್ಯವಾದದ್ದು ಹಾಲ್ ದೊಡ್ಡದಿದ್ದುದರಿಂದ ಅಲ್ಲ, ಗೋಡೆಯಲ್ಲಿ ಗೂಡುಗಳಿದ್ದುದರಿಂದ. ಪುಸ್ತಕಕ್ಕೊಂದು ಗೂಡು, ಹಾಸಿಗೆಗೊಂದು, ತಟ್ಟೆಗೊಂದು. ಐದು ನಿಮಿಷದಲ್ಲಿ ನೆಲ ಖಾಲಿಯಾಗುತ್ತಿತ್ತು. ಬಹೂಪಯೋಗಿ ಕೋಣೆ ಎಂದರೆ ಬೇಗ ಖಾಲಿ ಮಾಡಬಹುದಾದ ಕೋಣೆ. ನೋಟ್‌ಬುಕ್ಕಿನಲ್ಲಿ ಇದನ್ನು ಮೊದಲು ಬರೆದುಕೊಳ್ಳಿ: ಸಾಮಾನು ಇಡಲು ಗೋಡೆಯಲ್ಲೇ ಜಾಗ.

ಊರಿನ ಪಶ್ಚಿಮಕ್ಕೆ ಬರೀದ್ ಶಾಹಿ ಗೋರಿಗಳ ಉದ್ಯಾನವಿದೆ. ಅಲಿ ಬರೀದ್ ಶಾಹ್ ತಾನು ಬದುಕಿರುವಾಗಲೇ ಕಟ್ಟಿಸಿಕೊಂಡ ಗುಂಬಜಿಗೆ ನಾಲ್ಕೂ ಕಡೆ ದೊಡ್ಡ ಕಮಾನುಗಳು, ಬಾಗಿಲುಗಳಿಲ್ಲ. ಮೇ ತಿಂಗಳ ಮಧ್ಯಾಹ್ನವೂ ಅಲ್ಲಿ ಗಾಳಿ ಆಡುತ್ತದೆ. ಆದರೆ ಮನೆಯ ಕೋಣೆಯನ್ನು ನಾಲ್ಕೂ ಕಡೆ ತೆರೆದಿಡಲಾಗುವುದಿಲ್ಲ. ಜೂನ್‌ನಿಂದ ಮಳೆ ಪಶ್ಚಿಮ ಮತ್ತು ನೈಋತ್ಯದ ಗಾಳಿಯೊಂದಿಗೆ ಬಡಿಯುತ್ತದೆ. ಡಿಸೆಂಬರ್‌ನಲ್ಲಿ ರಾಜ್ಯದಲ್ಲೇ ಅತಿ ಹೆಚ್ಚು ಚಳಿ ಬೀಳುವ ಊರುಗಳಲ್ಲಿ ಬೀದರ್ ಒಂದು. ಪರ್ದಾದ ಪ್ರಶ್ನೆಯೂ ಇದೆ. ಹಾಗಾಗಿ ಯಾವ ಕಡೆ ತೆರೆಯಬೇಕು, ಯಾವ ಕಡೆ ಮುಚ್ಚಬೇಕು ಎಂಬ ಲೆಕ್ಕ ಬೇಕು.

ಹಳೆಯ ಊರಿನಲ್ಲಿ ಇರುವವರಿಗೆ ಒಂದು ಎಚ್ಚರಿಕೆಯ ಮಾತು. ಕೋಟೆ, ಮದ್ರಸದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. 2010ರಲ್ಲಿ ತಿದ್ದುಪಡಿಯಾದ ಕಾನೂನು ಇದು. ಹಿತ್ತಲಿನ ಚಿಕ್ಕ ಕೋಣೆ, ಯಾರು ಕೇಳುತ್ತಾರೆ ಎಂದುಕೊಂಡು ಕಟ್ಟಿ ಆಮೇಲೆ ನೋಟಿಸು ಬಂದರೆ ಹಾಕಿದ ಹಣವೆಲ್ಲ ನೀರಿನಲ್ಲಿ ಹೋಮ. ಇಟ್ಟಿಗೆ ತರುವ ಮೊದಲು ನಗರಾಡಳಿತದ ಕಚೇರಿಗೆ ಹೋಗಿ ಕೇಳಿಬನ್ನಿ. ಭಾಲ್ಕಿಯ ಪುರಸಭೆಯಿರಲಿ, ಔರಾದ್‌ನ ಪಟ್ಟಣ ಪಂಚಾಯತಿಯಿರಲಿ, ಕೇಳುವ ಕ್ರಮ ಒಂದೇ.

ಭಾಲ್ಕಿಯ ಕೋಣೆಗೆ ಟೈಂ ಟೇಬಲ್

ಬೀದರ್‌ನಿಂದ ಭಾಲ್ಕಿ ಸುಮಾರು 40 ಕಿ.ಮೀ. ಬಸ್ಸು ಪ್ರಸ್ಥಭೂಮಿಯಿಂದ ಇಳಿಯುತ್ತಿದ್ದಂತೆ ಕಿಟಕಿಯಿಂದ ನೆಲದ ಬಣ್ಣ ನೋಡುತ್ತಿರಿ. ಕೆಂಪು ಹಿಂದೆ ಉಳಿದು ಎರೆಯ ಕಪ್ಪು ನೆಲ ಬರುತ್ತದೆ. ತೊಗರಿ, ಸೋಯಾ, ಕಬ್ಬು. ರೈತನಿಗೆ ಈ ನೆಲ ಬಂಗಾರ. ಮನೆ ಕಟ್ಟುವವರಿಗೆ ಮಾತ್ರ ಇದು ಹಟಮಾರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿರುವ ಗೋಡೆಯೂ ಅದರೊಂದಿಗೆ ಏಳುತ್ತದೆ, ಇಳಿಯುತ್ತದೆ, ಕಡೆಗೆ ಸೀಳುತ್ತದೆ. ಈ ಭಾಗದ ಎಷ್ಟೋ ಮನೆಗಳ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ನೋಡಿದ್ದೀರಲ್ಲ, ಅದು ಸುಣ್ಣ ಬಣ್ಣದಿಂದ ಮುಚ್ಚುವಂಥದ್ದಲ್ಲ. ಅದರ ಬೇರು ಬುನಾದಿಯಲ್ಲಿದೆ.

ಭಾಲ್ಕಿ ಎಂದ ಕೂಡಲೇ ಕನ್ನಡಿಗರಿಗೆ ಹಿರೇಮಠದ ಚನ್ನಬಸವ ಪಟ್ಟದೇವರು ನೆನಪಾಗುತ್ತಾರೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು. ನಾವು ಉರ್ದು ಮನೆಮಾತಿನವರು ಇಂದು ಕನ್ನಡದಲ್ಲಿ ಬರೆಯುವಾಗ, ಓದುವಾಗ ಆ ಕೋಣೆಯನ್ನು ನೆನೆಯಬೇಕು. ಒಂದು ಚಿಕ್ಕ ಕೋಣೆಯಲ್ಲಿ ನಡೆಯುವ ಪಾಠ ಒಂದು ಊರಿನ ದಿಕ್ಕನ್ನೇ ಬದಲಿಸಬಲ್ಲದು.

ಇದೇ ಊರಿನಲ್ಲಿ ನನ್ನ ಪರಿಚಯದ ಒಂದು ಮನೆಯಿದೆ. ಹಿತ್ತಲಿನಲ್ಲಿ ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ. ಮೇಲೆ ತಗಡು, ಕೆಳಗೆ ಶಹಾಬಾದ್ ಫರ್ಸಿ, ಎರಡು ಕಡೆ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಸಿಮೆಂಟ್ ಜಾಲರಿ. ಬಾಗಿಲ ಬಳಿ ಮೆಹಂದಿ ಗಿಡ, ಪುದೀನದ ಕುಂಡ. ಆ ಮನೆಯ ಸೊಸೆ ಹೊಲಿಗೆ ಮಾಡುತ್ತಾಳೆ. "ಆಪಾ, ಕೋಣೆ ಕಟ್ಟುವ ಮೊದಲು ನಾವು ಒಂದು ಕಾಗದದ ಮೇಲೆ ಇಡೀ ದಿನ ಬರೆದೆವು. ಯಾವ ಹೊತ್ತಿಗೆ ಯಾರಿಗೆ ಬೇಕು ಅಂತ" ಎಂದಳು. ಕೇಳಿ ನನಗೆ ಸಂತೋಷವಾಯಿತು. ಶಾಲೆಯಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೇ? ಕೋಣೆಗೂ ಒಂದು ಟೈಂ ಟೇಬಲ್!

ಫಜ್ರ್ ನಂತರ ಅತ್ತೆಯ ತಿಲಾವತ್. ಏಳರಿಂದ ಒಂಬತ್ತು ಓಣಿಯ ಮಕ್ಕಳ ಪಾಠ. ಹತ್ತರಿಂದ ನಾಲ್ಕರವರೆಗೆ ಹೊಲಿಗೆ. ಸಂಜೆ ಮಗಳ ಓದು. ರಾತ್ರಿ ನೆಂಟರು ಬಂದರೆ ಅವರ ಹಾಸಿಗೆ. ರಮಝಾನ್‌ನಲ್ಲಿ ಹೆಂಗಸರ ತರಾವೀಹ್. ಈ ಪಟ್ಟಿ ಬರೆದ ಮೇಲೆ ಕೋಣೆ ತಾನೇ ತನ್ನ ರೂಪ ಹೇಳಿತಂತೆ. ಹೊಲಿಗೆಗೆ ಹಗಲಿನ ಬೆಳಕು ಬೇಕು, ಆದರೆ ಕಣ್ಣಿಗೆ ಬಿಸಿಲು ಹೊಡೆಯಬಾರದು. ಹಾಗಾಗಿ ಉತ್ತರಕ್ಕೆ ದೊಡ್ಡ ತೆರಪು. ಅತ್ತೆಗೆ ಮೆಟ್ಟಿಲು ಬೇಡ. ಹಾಗಾಗಿ ಮನೆಯ ಹಿಂಬಾಗಿಲಿನಿಂದ ಸಮತಟ್ಟಾದ ದಾರಿ. ಗಿರಾಕಿಗಳು ಮನೆಯೊಳಗಿಂದ ಹಾಯಬಾರದು. ಹಾಗಾಗಿ ಪಕ್ಕದ ಓಣಿಗೆ ಒಂದು ಚಿಕ್ಕ ಗೇಟು. ನೆಂಟರು ಮಲಗಲು ಮಂಚ ಬೇಡ, ಗೋಡೆಯುದ್ದಕ್ಕೆ ಮುಚ್ಚಳವಿರುವ ಕಟ್ಟೆ ಸಾಕು. ಹಗಲು ಅದು ಕೂರುವ ಜಾಗ, ಒಳಗೆ ಹಾಸಿಗೆ ಇಡುವ ಪೆಟ್ಟಿಗೆ.

ಇಲ್ಲಿ ಇನ್ನೊಂದು ಮಾತು ಗಮನಿಸಿ. ನಮ್ಮ ಭಾಗದಿಂದ ಕಿಬ್ಲಾ ಪಶ್ಚಿಮಕ್ಕೆ, ತುಸು ವಾಯುವ್ಯಕ್ಕೆ ವಾಲಿದೆ. ಮಧ್ಯಾಹ್ನದ ನಂತರದ ಸುಡುಬಿಸಿಲು ಬರುವುದೂ ಪಶ್ಚಿಮದಿಂದ, ಮಳೆಯ ಇರಚಲೂ ಆ ಕಡೆಯಿಂದಲೇ. ಹಾಗಾದರೆ ಪಶ್ಚಿಮದ ಗೋಡೆಯನ್ನು ಕಿಟಕಿಯಿಲ್ಲದೆ ಪೂರ್ತಿ ಕಟ್ಟಿಬಿಡಿ. ಬಿಸಿಲು ತಡೆಯಿತು, ಮಳೆ ತಡೆಯಿತು, ನಮಾಝಿಗೆ ಎದುರಿನಲ್ಲಿ ಗಮನ ಸೆಳೆಯುವ ಏನೂ ಇಲ್ಲದಾಯಿತು. ಮೂರು ಕೆಲಸಕ್ಕೆ ಒಂದೇ ಗೋಡೆಯ ಖರ್ಚು. ಕೋಣೆಯ ಹನ್ನೆರಡು ಅಡಿಯ ಉದ್ದ ಉತ್ತರ-ದಕ್ಷಿಣಕ್ಕೆ ಬಂದರೆ, ಒಬ್ಬರಿಗೆ ಎರಡು ಅಡಿಯಂತೆ ಒಂದು ಸಾಲಿಗೆ ಆರು ಜನ. ಸಾಲಿಗೆ ನಾಲ್ಕು ಅಡಿ ಹಿಡಿದರೆ ಹತ್ತು ಅಡಿಯಲ್ಲಿ ಎರಡು ಸಾಲು. ಹನ್ನೆರಡು ಹೆಂಗಸರು ಆರಾಮವಾಗಿ ನಿಲ್ಲಬಹುದು. ಅಷ್ಟೇ ಜಾಗದಲ್ಲಿ ಇಪ್ಪತ್ತು ಮಕ್ಕಳು ಕುಳಿತು ಪಾಠ ಓದಬಹುದು. ಅಳತೆ ಎಂದರೆ ಹೀಗೆ, ಇಟ್ಟಿಗೆಯಿಂದಲ್ಲ, ಮನುಷ್ಯರಿಂದ ಆರಂಭಿಸಬೇಕು.

ಔರಾದ್‌ನ ಎಚ್ಚರಿಕೆ

ಔರಾದ್ ನಮ್ಮ ರಾಜ್ಯದ ಉತ್ತರದ ತುದಿಯ ತಾಲೂಕು. ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಗಡಿಯಾಚೆ ಮಹಾರಾಷ್ಟ್ರ. ಹಳ್ಳಿಗಳಲ್ಲಿ ಇಂದಿಗೂ ಕಲ್ಲು ಮಣ್ಣಿನ ದಪ್ಪ ಗೋಡೆಯ, ಮರದ ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆಗಳಿವೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಹಾಯೆನಿಸುತ್ತದೆ. ಪ್ರತಿ ಮಳೆಗಾಲದ ಮೊದಲು ಇನ್ನಷ್ಟು ಮಣ್ಣು ಹಾಕುತ್ತಾರೆ. ವರ್ಷ ವರ್ಷಕ್ಕೆ ಮಾಳಿಗೆಯ ಭಾರ ಏರುತ್ತದೆ.

1993ರ ಸೆಪ್ಟೆಂಬರ್ 30ರ ಮುಂಜಾವದಲ್ಲಿ, ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಭಾಗದಲ್ಲಿ ಭೂಮಿ ನಡುಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಮಲಗಿದ್ದ ಮನೆಯೇ. ಅಡ್ಡಗಲ್ಲುಗಳಿಲ್ಲದ ಕಲ್ಲು ಮಣ್ಣಿನ ಗೋಡೆ ಒಡೆದು, ಮೇಲಿನ ಮಣ್ಣಿನ ಭಾರ ಮೈಮೇಲೆ ಬಿತ್ತು. ನಮ್ಮ ಜಿಲ್ಲೆಯಲ್ಲೂ ಅಂದು ಜನ ಮನೆ ಬಿಟ್ಟು ಬಯಲಿಗೆ ಓಡಿ ಬಂದಿದ್ದರು. ಆ ದಿನವನ್ನು ಹಿರಿಯರು ಇಂದಿಗೂ ಮರೆತಿಲ್ಲ. ಆದರೆ ಅದು ಕಲಿಸಿದ ಪಾಠವನ್ನು ಹಲವರು ಮರೆತಿದ್ದಾರೆ. ಹೊಸ ಕೋಣೆಗೆ ಮೇಲ್ಛಾವಣಿ ಹಗುರವಾಗಿರಲಿ. ಕಂಬಗಳು ಬುನಾದಿಯ ಮಟ್ಟದಲ್ಲಿ ಮತ್ತು ತಲೆಯ ಮೇಲೆ ಎರಡೂ ಕಡೆ ಒಂದಕ್ಕೊಂದು ಬಿಗಿದುಕೊಂಡಿರಲಿ. ಕಲ್ಲಿನ ಗೋಡೆಯಾದರೆ ಪೂರ್ತಿ ದಪ್ಪಕ್ಕೆ ಹಾಯುವ ಅಡ್ಡಗಲ್ಲುಗಳಿರಲಿ. ಮಕ್ಕಳು ಓದುವ, ಅತ್ತೆ ಮಲಗುವ ಕೋಣೆಯಿದು. ಇದರಲ್ಲಿ ಉಳಿತಾಯ ಮಾಡಬಾರದು.

ಔರಾದ್‌ನ ಒಂದು ಓಣಿಯಲ್ಲಿ ನಾಲ್ಕು ಕಂಬಗಳು ನಿಂತಿವೆ. ಮೇಲೆ ತುಕ್ಕು ಹಿಡಿದ ಸರಳುಗಳು ಆಕಾಶಕ್ಕೆ ಚಾಚಿವೆ. ಮನೆಯ ಒಡತಿ ಮಗಳ ಹೆಸರಿನಲ್ಲಿ ಕೂಡಿಟ್ಟ ಹಣ ಅದರಲ್ಲಿದೆ. ಮನೆಯವರು ಮೊದಲು ಬಣ್ಣದ ಟೈಲ್ಸು ಮತ್ತು ಕೆತ್ತನೆಯ ಬಾಗಿಲು ಖರೀದಿಸಿದರು, ಅಗ್ಗಕ್ಕೆ ಸಿಕ್ಕಿತೆಂದು. ಬುನಾದಿ ತೋಡಿದಾಗ ಗಟ್ಟಿ ನೆಲ ಸಿಗಲೇ ಇಲ್ಲ, ತೋಡುತ್ತಲೇ ಹೋದರು. ಹಣ ನೆಲದೊಳಗೇ ಮುಗಿಯಿತು. ಟೈಲ್ಸಿನ ಪೆಟ್ಟಿಗೆಗಳು ಮೂಲೆಯಲ್ಲಿ ಧೂಳು ತಿನ್ನುತ್ತಿವೆ. "ಬಾಜಿ, ಕಂಬ ಇದೆ, ಬಾಗಿಲೂ ಇದೆ, ನಡುವೆ ಮನೆಯಿಲ್ಲ" ಎಂದು ಆ ತಾಯಿ ನಕ್ಕರು. ಆ ನಗೆಯ ಹಿಂದಿನ ನೋವು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಗಳು ಈಗಲೂ ಅಡುಗೆಮನೆಯ ಮೂಲೆಯಲ್ಲೇ ಓದುತ್ತಾಳೆ.

ಮೂರು ನೆಲ, ಮೂರು ಲೆಕ್ಕ

ಔರಾದ್‌ನಿಂದ ಬೀದರ್‌ಗೆ ಮರಳುವಾಗ ಮಾಂಜ್ರಾ ನದಿಯನ್ನು ದಾಟುತ್ತೇವೆ. ಬಸ್ಸಿನಲ್ಲಿ ಕುಳಿತೇ ನೋಟ್‌ಬುಕ್ ತೆರೆಯಿರಿ. ಹತ್ತಕ್ಕೆ ಹನ್ನೆರಡು, ಅಂದರೆ 120 ಚದರ ಅಡಿಯ ಕೋಣೆ, ಆರು ಕಂಬ ಎಂದಿಟ್ಟುಕೊಳ್ಳಿ. ಒಂದೊಂದು ಕಂಬಕ್ಕೂ ಮೂರು ಅಡಿ ಉದ್ದ, ಮೂರು ಅಡಿ ಅಗಲದ ಗುಂಡಿ. ಬೀದರ್‌ನ ಕೆಂಪು ನೆಲದಲ್ಲಿ ಮೂರು ಅಡಿಗೇ ಗಟ್ಟಿ ಕಲ್ಲು ಸಿಕ್ಕರೆ, ಆರು ಗುಂಡಿಗೆ 162 ಘನ ಅಡಿ ಅಗೆತ. ಎರೆ ನೆಲದಲ್ಲಿ ಐದು ಅಡಿ ಹೋಗಬೇಕಾದರೆ 270 ಘನ ಅಡಿ. ಅಗೆತ, ಕಲ್ಲು, ಕಾಂಕ್ರೀಟು, ಕೂಲಿ ಎಲ್ಲವೂ ಆ ಪ್ರಮಾಣದಲ್ಲಿ ಏರುತ್ತವೆ. ಕೋಣೆ ಅದೇ, ಖರ್ಚು ಬೇರೆ. ಬೀದರ್‌ನ ತಂಗಿ ಇಷ್ಟರಲ್ಲಿ ಕಟ್ಟಿಸಿದಳು ಎಂದು ಭಾಲ್ಕಿಯ ಅಕ್ಕ ಅದೇ ಮೊತ್ತ ಹಿಡಿದು ಹೊರಟರೆ ಸೋಲು ಖಚಿತ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಜಾಗದ ಒಂದು ಮೂಲೆಯಲ್ಲಿ ಒಂದೇ ಒಂದು ಗುಂಡಿ ತೋಡಿಸಿ. ಒಬ್ಬ ಆಳಿನ ಒಂದು ದಿನದ ಕೂಲಿ. ಎಷ್ಟು ಅಡಿಗೆ ಗಟ್ಟಿ ಮುರುಮ್ ಅಥವಾ ಕಲ್ಲು ಸಿಕ್ಕಿತು ನೋಡಿ. ಅನುಭವಿ ಗೌಂಡಿಗೆ, ಸಾಧ್ಯವಾದರೆ ಇಂಜಿನಿಯರ್‌ಗೆ ತೋರಿಸಿ. ಆಮೇಲೆ ಬಜೆಟ್ ಬರೆಯಿರಿ.

ನೆಲಮಟ್ಟದಿಂದ ಕೋಣೆಯನ್ನು ಒಂದೂವರೆ ಅಡಿ ಎತ್ತರಿಸಿದರೆ ಒಳಗೆ ತುಂಬಲು 180 ಘನ ಅಡಿ ಮುರುಮ್ ಬೇಕು. ನಮ್ಮಲ್ಲಿ ಒಂದು ಬ್ರಾಸ್ ಎಂದರೆ 100 ಘನ ಅಡಿ. ಧಮ್ಮಸ್ಸು ಮಾಡಿದಾಗ ಇಳಿಯುವುದರಿಂದ ಎರಡು ಬ್ರಾಸಿಗಿಂತ ತುಸು ಹೆಚ್ಚೇ ಹಿಡಿಯಿರಿ. ತೋಡಿದ ಎರೆ ಮಣ್ಣನ್ನೇ ತಿರುಗಿ ತುಂಬಲು ಬಿಡಬೇಡಿ, ಅದು ಫರ್ಸಿಯನ್ನು ಎತ್ತಿ ಒಡೆಯುತ್ತದೆ. ಆ ಮಣ್ಣು ಗಿಡಗಳ ಪಾತಿಗೆ ಹೋಗಲಿ. ನೆಲಕ್ಕೆ 120 ಚದರ ಅಡಿ ಫರ್ಸಿ, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನೂರಕ್ಕೆ ಹತ್ತು ಸೇರಿಸಿ 132. ಛಾವಣಿ ಸುತ್ತಲೂ ಒಂದೊಂದು ಅಡಿ ಹೊರಚಾಚಿದರೆ ಹನ್ನೆರಡಕ್ಕೆ ಹದಿನಾಲ್ಕು, ಅಂದರೆ 168 ಚದರ ಅಡಿ ತಗಡು.

ಈಗ ಹಣ. ದರಗಳು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತವೆ. ಹಾಗಾಗಿ ಹಂಚುವ ಕ್ರಮ ಕಲಿಯಲು ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕೈಯಲ್ಲಿ 1 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳಿ:

ಬುನಾದಿ, ಮುರುಮ್ ತುಂಬುವುದು: 22,000
ಕಂಬಗಳು, ಛಾವಣಿ: 30,000
ಪಶ್ಚಿಮದ ಗೋಡೆ, ಉಳಿದ ಕಡೆ ಮೂರಡಿ ಕಟ್ಟೆ: 12,000
ಫರ್ಸಿ: 10,000
ಬಾಗಿಲು, ಜಾಲರಿ: 8,000
ವಿದ್ಯುತ್: 4,000
ನೀರು, ಗಿಡ: 4,000
ಕೈಕಾವಲು: 10,000

ಗಮನಿಸಿ, ಅರ್ಧಕ್ಕಿಂತ ಹೆಚ್ಚು ಹಣ ಬಂಧುಗಳು ಬಂದು ನೋಡಿ ಹೊಗಳದ ಜಾಗಕ್ಕೆ ಹೋಗಿದೆ. ಬುನಾದಿಯನ್ನು ಯಾರೂ ಹೊಗಳುವುದಿಲ್ಲ, ಛಾವಣಿಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಕೋಣೆ ನಿಲ್ಲುವುದು ಅವೆರಡರಿಂದಲೇ. ಎರೆ ನೆಲವಾಗಿ ಬುನಾದಿಗೆ 32,000 ಬೇಕಾಯಿತು ಎನ್ನಿ. ಆಗ ಬಾಗಿಲು ಜಾಲರಿಯ 8,000 ಮುಂದಿನ ವರ್ಷಕ್ಕೆ ಹೋಗಲಿ, ವಿದ್ಯುತ್ತಿನಲ್ಲಿ 2,000 ಇಳಿಸಿ ಸದ್ಯಕ್ಕೆ ಒಂದು ದೀಪ, ಒಂದು ಪ್ಲಗ್ ಸಾಕೆನ್ನಿ. ಕೈಕಾವಲಿನ 10,000ಕ್ಕೆ ಮಾತ್ರ ಆರಂಭದಲ್ಲಿ ಕೈ ಹಚ್ಚಬೇಡಿ. ಮಳೆ ಬಂದು ಕೆಲಸ ನಿಂತಾಗ, ಸಿಮೆಂಟಿನ ದರ ಏರಿದಾಗ ನಿಮ್ಮ ಮಾನ ಉಳಿಸುವುದು ಆ ಹಣವೇ.

ಒಮ್ಮೆಗೇ ಇಷ್ಟು ಹಣ ಇಲ್ಲವೇ? ಮೂರು ಹಂತ ಮಾಡಿ. ಆದರೆ ಪ್ರತಿ ಹಂತದ ಕೊನೆಯಲ್ಲೂ ಬಳಸಬಹುದಾದ ಒಂದು ಜಾಗ ಇರಬೇಕು. ಇದೇ ಗುಟ್ಟು. ಮೊದಲ ಹಂತದಲ್ಲಿ ಬುನಾದಿ, ಕಂಬ, ಛಾವಣಿ. ಗೋಡೆಯಿಲ್ಲದಿದ್ದರೂ ಅದು ನೆರಳು. ಅಲ್ಲಿ ಚಾಪೆ ಹಾಸಿ ಮಕ್ಕಳಿಗೆ ಪಾಠ ಹೇಳಬಹುದು, ಅಲಿ ಬರೀದ್‌ನ ಗುಂಬಜಿನಂತೆ ನಾಲ್ಕೂ ಕಡೆ ಗಾಳಿ. ಎರಡನೆಯ ಹಂತದಲ್ಲಿ ಪಶ್ಚಿಮದ ಗೋಡೆ, ಕಟ್ಟೆ, ಫರ್ಸಿ. ಆಗ ಹೊಲಿಗೆ ಯಂತ್ರ ಬರಬಹುದು. ಮೂರನೆಯ ಹಂತದಲ್ಲಿ ಜಾಲರಿ, ಬಾಗಿಲು, ಫ್ಯಾನು. ಆಗ ಅತ್ತೆ ಮಲಗಬಹುದು. ಕೈಕಾವಲನ್ನೂ 5,000, 3,000, 2,000 ಎಂದು ಹಂಚಿದರೆ ಮೂರು ಹಂತಕ್ಕೆ ಕ್ರಮವಾಗಿ 57,000, 25,000 ಮತ್ತು 18,000 ಆಗುತ್ತದೆ. ನಿಮ್ಮ ಮೊತ್ತ ಬೇರೆಯಿದ್ದರೂ ಹಂಚುವ ರೀತಿ ಇದೇ.

ಸಾಲದ ಮಾತು. ಬಡ್ಡಿಯ ಸಾಲ ತಂದು ಕಟ್ಟಿದ ಕೋಣೆಯಲ್ಲಿ ನೆಮ್ಮದಿ ಕೂರುವುದಿಲ್ಲ, ವಾರ ವಾರ ವಸೂಲಿಗೆ ಬರುವವರು ಕೂರುತ್ತಾರೆ. ಒಂದು ಹಂತ ಮುಗಿಸಿ ಒಂದು ವರ್ಷ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಹೊಲಿಗೆಯಿಂದಲೋ ಪಾಠದಿಂದಲೋ ಬರುವ ಮೊದಲ ಗಳಿಕೆಯನ್ನು ಅದೇ ಕೋಣೆಯ ಮುಂದಿನ ಹಂತಕ್ಕೆ ತೆಗೆದಿಡಿ. ಕೋಣೆ ತನ್ನ ಗೋಡೆಯನ್ನು ತಾನೇ ಗಳಿಸಿಕೊಳ್ಳಲಿ.

ಗೌಂಡಿಯೊಂದಿಗೆ ಒಂದು ಹಾಳೆಯಲ್ಲಾದರೂ ಕರಾರು ಬರೆದುಕೊಳ್ಳಿ. ಕೂಲಿ ಮಾತ್ರವೋ ಸಾಮಾನು ಸೇರಿಯೋ, ಅಳತೆ ಎಷ್ಟು, ಯಾವ ಹಂತಕ್ಕೆ ಎಷ್ಟು ಹಣ ಎಂಬುದೆಲ್ಲ ಅದರಲ್ಲಿರಲಿ. ಪೂರ್ತಿ ಮುಂಗಡ ಬೇಡ. ಅವರ ಬೆವರಿನ ಹಣವನ್ನು ಕೆಲಸ ಮುಗಿದ ದಿನವೇ ಕೊಟ್ಟುಬಿಡಿ.

ನೀರು ಮತ್ತು ಗಿಡ

ಬೀದರ್‌ನ ಹೊರವಲಯದ ನೌಬಾದ್‌ನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ಕೆಂಪು ಕಲ್ಲಿನ ಅಡಿಯಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಕೊರೆದ ಸುರಂಗ, ಮೇಲೆ ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿಗಳು. ಅಂತರ್ಜಲ ಆ ಸುರಂಗದಲ್ಲಿ ತಾನಾಗಿಯೇ ಹರಿದು ಬರುತ್ತಿತ್ತು. ಈ ಒಣ ನಾಡಿನಲ್ಲಿ ತೋಟ ಬೆಳೆಸಿದವರು ಮೊದಲು ನೀರಿನ ಲೆಕ್ಕ ಹಾಕಿದ್ದರು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಲೆಕ್ಕ ಚಿಕ್ಕದು. 168 ಚದರ ಅಡಿಯ ತಗಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 150 ಲೀಟರ್ ನೀರು. ಛಾವಣಿಯ ಅಂಚಿಗೆ ಒಂದು ದೋಣಿ, ಒಂದು ಪೈಪು, 500 ಲೀಟರಿನ ಒಂದು ಡ್ರಮ್ಮು. ನಾಲ್ಕು ಸೆಂಟಿಮೀಟರ್ ಮಳೆಗೆ ಡ್ರಮ್ಮು ತುಂಬುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಬಿಟ್ಟುಬಿಡಿ. ಆಮೇಲಿನ ನೀರು ಗಿಡಕ್ಕೆ, ನೆಲ ತೊಳೆಯಲು ಆಯಿತು. ಎರೆ ನೆಲದವರಿಗೆ ಇನ್ನೊಂದು ಲಾಭ: ಛಾವಣಿಯ ನೀರು ಗೋಡೆಯ ಬುಡಕ್ಕೆ ಬೀಳದಿದ್ದರೆ ನೆಲ ಉಬ್ಬುವುದು ತಗ್ಗುತ್ತದೆ. ಕೋಣೆಯ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಫರ್ಸಿಯೋ ಕಾಂಕ್ರೀಟೋ ಹಾಕಿ ಹೊರಗೆ ಇಳಿಜಾರು ಕೊಡಿ. ವುಝೂ ಮಾಡುವ ನಳವೂ ಗೋಡೆಗೆ ತಗಲಿಕೊಂಡಿರದೆ ನಾಲ್ಕು ಹೆಜ್ಜೆ ದೂರವಿರಲಿ. ಅದರ ನೀರು ಬಾಳೆಯ ಬುಡಕ್ಕೆ ಹೋಗಲಿ.

ಬೇವು, ಅತ್ತಿ, ಹುಣಸೆಯಂಥ ಮರಗಳನ್ನು ಕೋಣೆಯ ಪಕ್ಕದಲ್ಲಿ ನೆಡಬೇಡಿ. ಅವುಗಳ ಬೇರು ಬೇಸಿಗೆಯಲ್ಲಿ ಬುನಾದಿಯ ಕೆಳಗಿನ ನೀರನ್ನೂ ಹೀರಿ ಎರೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಮಲ್ಲಿಗೆ, ಮೆಹಂದಿ, ದಾಳಿಂಬೆ, ಕರಿಬೇವು, ತುಸು ದೂರದಲ್ಲಿ ನಿಂಬೆ, ಇವು ಸಾಕು. ತಗಡಿನ ಕಾವು ತಡೆಯಲು ಕೆಳಗೆ ಬಿದಿರಿನ ತಟ್ಟಿ ಕಟ್ಟಿ, ಮೇಲೆ ಬಿಳಿ ಬಣ್ಣ ಬಳಿಯಿರಿ. ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ತಗಡು ಹಾರದಂತೆ ಪ್ರತಿ ಅಂಚಿಗೂ ಹುಕ್ ಬೋಲ್ಟ್ ಬಿಗಿಸಿ. ಮೇಲೆ ಕಲ್ಲು ಹೇರಿ ಬಿಡುವ ರೂಢಿ ಒಳ್ಳೆಯದಲ್ಲ, ಗಾಳಿಗೆ ಆ ಕಲ್ಲೇ ಮಕ್ಕಳ ತಲೆಗೆ ಬೀಳುತ್ತದೆ.

ಸುಣ್ಣದ ಗೆರೆ

ಕೊನೆಯದಾಗಿ ಒಂದು ರೂಪಾಯಿಯೂ ಖರ್ಚಾಗದ ಒಂದು ಕೆಲಸ ಹೇಳುತ್ತೇನೆ. ಈ ಶುಕ್ರವಾರವೇ ಮಾಡಿ. ಅಂಗಳದಲ್ಲಿ ಹತ್ತಕ್ಕೆ ಹನ್ನೆರಡು ಅಡಿ ಅಳೆದು ಸುಣ್ಣದ ಗೆರೆ ಎಳೆಯಿರಿ. ಬಾಗಿಲು ಎಲ್ಲಿ, ಕಟ್ಟೆ ಎಲ್ಲಿ, ಗುರುತು ಮಾಡಿ. ಒಂದು ವಾರ ಆ ಗೆರೆಯೊಳಗೆ ಬದುಕಿ ನೋಡಿ. ಬೆಳಿಗ್ಗೆ ಒಂದು ಕುರ್ಚಿ ಹಾಕಿ ಮಗಳು ಅಲ್ಲಿ ಓದಲಿ. ಹತ್ತು ಗಂಟೆಗೆ ಹೊಲಿಗೆ ಯಂತ್ರ ಇಟ್ಟು ಬೆಳಕು ಯಾವ ಕಡೆಯಿಂದ ಬರುತ್ತದೆ ನೋಡಿ. ಅಸರ್ ಹೊತ್ತಿಗೆ ಅತ್ತೆಯನ್ನು ಕೈಹಿಡಿದು ಅಲ್ಲಿಗೆ ಕರೆತನ್ನಿ, ಎಷ್ಟು ಹೆಜ್ಜೆ, ಎಲ್ಲಿ ಎಡವುತ್ತಾರೆ ಎಂದು ಎಣಿಸಿ. ಪಕ್ಕದ ಮನೆಯ ಮಹಡಿಯಿಂದ ಒಳಗೆ ಕಾಣುತ್ತದೆಯೇ ಎಂದು ತಲೆಯೆತ್ತಿ ನೋಡಿ. ಏನಾದರೂ ಸರಿ ಬಾರದಿದ್ದರೆ ಕಾಲಿನಿಂದ ಅಳಿಸಿ ಹೊಸ ಗೆರೆ ಎಳೆಯಿರಿ. ಸುಣ್ಣದ ಗೋಡೆ ಒಡೆಯಲು ಖರ್ಚಿಲ್ಲ.

ಮತ್ತು ಆ ನೋಟ್‌ಬುಕ್ ಮನೆಯ ಹೆಂಗಸರ ಕೈಯಲ್ಲಿರಲಿ. ಮನೆಯ ಗಂಡಸರು ಇಟ್ಟಿಗೆ, ಸಿಮೆಂಟು, ಗೌಂಡಿಯನ್ನು ನೋಡಿಕೊಳ್ಳಲಿ, ಬಹಳ ಒಳ್ಳೆಯದು. ಆದರೆ ಆ ಕೋಣೆಯಲ್ಲಿ ದಿನದ ಹದಿನಾಲ್ಕು ಗಂಟೆ ಯಾರು ಇರುತ್ತಾರೋ, ಯಾವ ಹೊತ್ತಿಗೆ ಯಾರಿಗೆ ಏನು ಬೇಕೆಂದು ಯಾರಿಗೆ ಗೊತ್ತೋ, ಅಳತೆ ಅವರದಾಗಬೇಕು. ಮುಂದಿನ ಮಳೆಗಾಲದ ಮೊದಲು ನಿಮ್ಮ ಅಂಗಳದಲ್ಲಿ ಕನಿಷ್ಠ ಒಂದು ನೆರಳು ಎದ್ದು ನಿಲ್ಲಲಿ, ಇನ್ಶಾ ಅಲ್ಲಾಹ್. ಗೋಡೆಗಳು ನಿಧಾನವಾಗಿ ಬಂದಾವು.